ಅಲ್ಟಿಮೇಟಮ್: ಕಡೆಯ ಮಾತಿನ ಚರಿತ್ರೆ

ಕನ್ನಡ ದಿನಪತ್ರಿಕೆಗಳನ್ನು ಓದುವವರಿಗೆ ‘ಅಲ್ಟಿಮೇಟಮ್’ ಎಂಬ ಪದ ಅಪರಿಚಿತವಲ್ಲ. ನೌಕರರ ಸಂಘವು ಸರ್ಕಾರಕ್ಕೆ ಅಲ್ಟಿಮೇಟಮ್ ಕೊಟ್ಟಿತು, ಪಕ್ಷದ ವರಿಷ್ಠರು ಭಿನ್ನಮತೀಯರಿಗೆ ಅಲ್ಟಿಮೇಟಮ್ ಕೊಟ್ಟರು ಎಂಬಂಥ ಶೀರ್ಷಿಕೆಗಳನ್ನು ನಾವು ಆಗಾಗ ಕಾಣುತ್ತೇವೆ. ಕೆಲವು ಪತ್ರಿಕೆಗಳು ಇದನ್ನೇ ‘ಗಡುವು’ ಎಂದೂ ಮತ್ತೆ ಕೆಲವು ‘ಅಂತಿಮ ಎಚ್ಚರಿಕೆ’ ಎಂದೂ ಬರೆಯುತ್ತವೆ. ಆದರೆ ಗಡುವು ಎಂದರೆ ಕಾಲದ ಮಿತಿ ಮಾತ್ರ. ಎಚ್ಚರಿಕೆ ಎಂದರೆ ಮುಂದೆ ಬರಬಹುದಾದ ಕೇಡಿನ ಸೂಚನೆ ಮಾತ್ರ. ಅಲ್ಟಿಮೇಟಮ್ ಎಂಬುದು ಇವೆರಡನ್ನೂ ಒಳಗೊಂಡು, ಇವೆರಡಕ್ಕಿಂತ ಹೆಚ್ಚಿನದೊಂದನ್ನು ಹೇಳುವ ಪದ. ಪ್ರೌಢಶಾಲೆಯಲ್ಲಿ ಇಂಗ್ಲಿಷನ್ನೂ ಚರಿತ್ರೆಯನ್ನೂ ಬೋಧಿಸಿದ ನನಗೆ ಈ ಒಂದು ಪದದಲ್ಲಿ ಆ ಎರಡು ಪಾಠಗಳೂ ಕೂಡಿಕೊಂಡಿರುವಂತೆ ಕಂಡಿದೆ.

ಪದದ ಮೂಲ ಲ್ಯಾಟಿನ್. ‘ಅಲ್ಟಿಮಸ್’ ಎಂದರೆ ಕಡೆಯದು, ಕೊನೆಯದು. ‘ಅಲ್ಟಿಮೇಟ್’, ‘ಪೆನಲ್ಟಿಮೇಟ್’ ಎಂಬ ಪದಗಳೂ ಇದೇ ಬೇರಿನಿಂದ ಹುಟ್ಟಿದವು. ಇಂಗ್ಲಿಷಿಗೆ ಈ ನಾಮಪದ ಬಂದದ್ದು ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ, ರಾಜರಾಜರ ನಡುವಣ ಪತ್ರವ್ಯವಹಾರದ ಭಾಷೆಯ ಮೂಲಕ. ಬಹುವಚನದಲ್ಲಿ ‘ಅಲ್ಟಿಮೇಟಮ್ಸ್’ ಎಂದೂ ಬರೆಯಬಹುದು, ಲ್ಯಾಟಿನ್ ಕ್ರಮದಂತೆ ‘ಅಲ್ಟಿಮೇಟಾ’ ಎಂದೂ ಬರೆಯಬಹುದು, ಎರಡೂ ಸರಿ.

‘ಡಿಮ್ಯಾಂಡ್’ಗೂ ಇದಕ್ಕೂ ಏನು ವ್ಯತ್ಯಾಸ ಎಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಕಪ್ಪು ಹಲಗೆಯ ಮೇಲೆ ಮೂರು ಪ್ರಶ್ನೆಗಳನ್ನು ಬರೆಯುತ್ತಿದ್ದೆ. ಏನು ಬೇಕು? ಎಷ್ಟು ಹೊತ್ತಿನೊಳಗೆ ಬೇಕು? ಕೊಡದಿದ್ದರೆ ಏನಾಗುತ್ತದೆ? ಮೊದಲನೆಯದಕ್ಕೆ ಮಾತ್ರ ಉತ್ತರವಿದ್ದರೆ ಅದು ಬೇಡಿಕೆ. ಮೂರನೆಯದಕ್ಕೆ ಮಾತ್ರ ಉತ್ತರವಿದ್ದರೆ ಅದು ಬೆದರಿಕೆ. ಮೂರಕ್ಕೂ ಸ್ಪಷ್ಟ ಉತ್ತರವಿದ್ದು, ಇನ್ನು ಮಾತುಕತೆಯಿಲ್ಲ ಎಂಬ ಧ್ವನಿಯೂ ಇದ್ದರೆ ಆಗ ಮಾತ್ರ ಅದು ಅಲ್ಟಿಮೇಟಮ್. ವ್ಯಾಕರಣದ ದೃಷ್ಟಿಯಿಂದ ಇಷ್ಟು ಸಾಕು. ಆದರೆ ಚರಿತ್ರೆಯ ಪುಟಗಳಲ್ಲಿ ನಾಲ್ಕನೆಯ ಪ್ರಶ್ನೆಯೊಂದು ಎದುರಾಗುತ್ತದೆ: ಒಂದು ಪತ್ರವನ್ನು ಅಲ್ಟಿಮೇಟಮ್ ಎಂದು ಕರೆದವರು ಯಾರು?

ನಮ್ಮ ಸಂತೆಗಳಲ್ಲಿಯೂ ‘ಕಡೇ ಮಾತು’ ಎಂಬುದೊಂದು ಇದೆ. ಎತ್ತಿನ ವ್ಯಾಪಾರದಲ್ಲಿ ಕೊಳ್ಳುವವನು ಕಡೇ ಮಾತು ಎಂದು ಹೇಳಿ ನಾಲ್ಕು ಹೆಜ್ಜೆ ಹೋದ ಮೇಲೆ ಮಾರುವವನು ಹಿಂದಕ್ಕೆ ಕರೆಯುತ್ತಾನೆ. ಆಮೇಲೆ ಇನ್ನೊಂದು ಕಡೇ ಮಾತು ನಡೆಯುತ್ತದೆ. ಎತ್ತು ಮನೆ ಸೇರುವುದೇ ಅಲ್ಲಿ ಉದ್ದೇಶ. ಮಹಾಭಾರತದ ಉದ್ಯೋಗಪರ್ವದಲ್ಲಿ ಸಂಧಾನಕ್ಕೆ ಹಸ್ತಿನಾವತಿಗೆ ಹೋದ ಕೃಷ್ಣನದೂ ಕಡೆಯ ಮಾತೇ. ಅರ್ಧ ರಾಜ್ಯದ ಹಕ್ಕಿದ್ದವರ ಬೇಡಿಕೆ ಐದು ಗ್ರಾಮಗಳಿಗೆ ಇಳಿಯಿತು. ಕೇಳುವವನ ಬೇಡಿಕೆ ಕಿರಿದಾಗುತ್ತಾ ಬಂದರೆ ಅವನಿಗೆ ಒಪ್ಪಿಗೆ ಬೇಕಾಗಿದೆ ಎಂದು ತಿಳಿಯಬೇಕು. ಬೇಡಿಕೆ ಹಿರಿದಾಗುತ್ತಾ ಹೋದರೆ ಅವನಿಗೆ ಬೇಕಾಗಿರುವುದು ನಿರಾಕರಣೆ. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದುಕೊಂಡು ಕೆಲವು ಪ್ರಸಿದ್ಧ ಪತ್ರಗಳನ್ನು ನೋಡೋಣ.

ಪದ ಹುಟ್ಟುವುದಕ್ಕೆ ಬಹು ಹಿಂದೆಯೇ ಅದರ ಅರ್ಥ ಬಳಕೆಯಲ್ಲಿತ್ತು. ಕ್ರಿ.ಪೂ. ೧೬೮ರಲ್ಲಿ ಸಿರಿಯಾದ ದೊರೆ ನಾಲ್ಕನೆಯ ಆಂಟಿಯೋಕಸ್ ಈಜಿಪ್ಟಿನ ಮೇಲೆ ದಂಡೆತ್ತಿ ಬಂದು ಅಲೆಕ್ಸಾಂಡ್ರಿಯಾದ ಸಮೀಪದಲ್ಲಿದ್ದಾಗ ರೋಮಿನ ರಾಯಭಾರಿ ಪೊಪಿಲಿಯಸ್ ಲೇನಸ್ ಅವನನ್ನು ಎದುರುಗೊಂಡ. ಈಜಿಪ್ಟನ್ನು ಬಿಟ್ಟು ಹಿಂದಿರುಗಬೇಕೆಂಬ ಸೆನೆಟ್ಟಿನ ಆಜ್ಞೆಯನ್ನು ದೊರೆಯ ಕೈಗಿತ್ತ. ಮಿತ್ರರೊಡನೆ ಆಲೋಚಿಸಿ ಹೇಳುತ್ತೇನೆ ಎಂದು ದೊರೆ ಅಂದಾಗ, ರಾಯಭಾರಿಯು ತನ್ನ ಕೈಯಲ್ಲಿದ್ದ ಕೋಲಿನಿಂದ ದೊರೆಯ ಸುತ್ತ ನೆಲದ ಮೇಲೆ ಒಂದು ಗೆರೆ ಎಳೆದು, ಈ ವೃತ್ತದಿಂದ ಹೊರಗೆ ಕಾಲಿಡುವ ಮುನ್ನ ಉತ್ತರ ಬೇಕೆಂದನಂತೆ. ಆಂಟಿಯೋಕಸ್ ಒಪ್ಪಿಕೊಂಡು ಹಿಂದಿರುಗಿದ. ದರ್ಪದ ಮಾತು ನಿಜ. ಆದರೆ ಆ ವೃತ್ತದಿಂದ ಹೊರಬರಲು ಒಂದು ದಾರಿ ಇತ್ತು. ಹಿಂದಿರುಗಿದವನ ರಾಜ್ಯ ಅವನಿಗೇ ಉಳಿಯಿತು.

ಇನ್ನು ನಮ್ಮ ನಾಡಿಗೆ ಬರೋಣ. ೧೭೯೮ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಮಾರ್ನಿಂಗ್ಟನ್ ಪ್ರಭು, ಅಂದರೆ ಮುಂದೆ ವೆಲ್ಲೆಸ್ಲಿ ಎಂದು ಹೆಸರಾದವನು, ಟಿಪ್ಪು ಸುಲ್ತಾನನು ಫ್ರೆಂಚರೊಡನೆ ನಡೆಸಿದ ವ್ಯವಹಾರವನ್ನು ಮುಂದಿಟ್ಟುಕೊಂಡು ಅವನಿಗೆ ಪತ್ರಗಳನ್ನು ಬರೆದ. ತನ್ನ ಪ್ರತಿನಿಧಿ ಮೇಜರ್ ಡೊವಟನ್‌ನನ್ನು ಬರಮಾಡಿಕೊಳ್ಳಬೇಕೆಂಬುದು ಅವುಗಳ ಒಕ್ಕಣೆ. ೧೭೯೯ರ ಜನವರಿ ೯ರಂದು ಮದರಾಸಿನಿಂದ ಬರೆದ ಪತ್ರದಲ್ಲಿ, ಇದು ಕೈಸೇರಿದ ಮೇಲೆ ಉತ್ತರವನ್ನು ಒಂದು ದಿನಕ್ಕಿಂತ ಹೆಚ್ಚು ತಡಮಾಡಬಾರದೆಂಬ ಸೂಚನೆಯಿತ್ತು. ಭಾಷೆ ಹಿತೈಷಿಯದು, ಸಲಹೆಯ ಧಾಟಿಯದು. ಒಳಗಿನ ಅರ್ಥ ಬೇರೆ. ಟಿಪ್ಪುವಿನ ಉತ್ತರ ತಡವಾಯಿತು. ತಾನು ಬೇಟೆಗೆ ಹೊರಟಿರುವೆನೆಂದೂ ಮೇಜರನನ್ನು ಹೆಚ್ಚು ಪರಿವಾರವಿಲ್ಲದೆ ಕಳುಹಿಸಬಹುದೆಂದೂ ತಿಳಿಸಿದ ಆ ಪತ್ರ ಫೆಬ್ರವರಿ ೧೩ರಂದು ಮದರಾಸಿಗೆ ತಲುಪಿತು. ಅಷ್ಟರಲ್ಲಿ, ಫೆಬ್ರವರಿ ೩ರಂದೇ, ಜನರಲ್ ಹ್ಯಾರಿಸನ ಸೈನ್ಯಕ್ಕೆ ಮುನ್ನಡೆಯುವ ಆಜ್ಞೆಯಾಗಿತ್ತು.

ಟಿಪ್ಪು ಕಾಲ ನೂಕುತ್ತಿದ್ದನೆಂದು ಒಂದು ಪಕ್ಷದವರು ಹೇಳುತ್ತಾರೆ. ಯುದ್ಧವನ್ನು ಆಗಲೇ ನಿಶ್ಚಯಿಸಿಕೊಂಡಿದ್ದವನಿಗೆ ಉತ್ತರ ಬೇಕಿರಲಿಲ್ಲವೆಂದು ಇನ್ನೊಂದು ಪಕ್ಷದವರು ಹೇಳುತ್ತಾರೆ. ಎರಡು ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೆ ನಮ್ಮ ಅಳತೆಗೋಲಿಗೆ ಹೆಚ್ಚು ಸಂಬಂಧಪಟ್ಟದ್ದು ಇದರ ಮುಂದಿನ ಹಂತ. ೧೭೯೨ರ ಸಂಧಿಯಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳಿಗೆ ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟಿದ್ದ. ೧೭೯೯ರ ಏಪ್ರಿಲ್ ೨೨ರಂದು, ಶ್ರೀರಂಗಪಟ್ಟಣದ ಮುತ್ತಿಗೆ ನಡೆಯುತ್ತಿದ್ದಾಗ, ಹ್ಯಾರಿಸನು ಕಳುಹಿಸಿದ ಷರತ್ತುಗಳು ಇವು: ಉಳಿದ ರಾಜ್ಯದಲ್ಲಿ ಮತ್ತೆ ಅರ್ಧ, ಎರಡು ಕೋಟಿ ರೂಪಾಯಿ, ನಾಲ್ವರು ಮಕ್ಕಳು, ನಾಲ್ವರು ಸರದಾರರು. ಉತ್ತರಕ್ಕೆ ಕೊಟ್ಟ ಕಾಲ ೨೪ ಗಂಟೆ. ಸುಲ್ತಾನ ಒಪ್ಪಲಿಲ್ಲ. ಮೇ ೪ರಂದು ಕೋಟೆ ಬಿತ್ತು. ಅವನೂ ಅಲ್ಲಿಯೇ ಹೋರಾಡಿ ಮಡಿದ. ಬೇಡಿಕೆ ಹಿರಿದಾಗುತ್ತಾ ಕಾಲಾವಧಿ ಕಿರಿದಾಗುತ್ತಾ ಹೋದ ಕ್ರಮವನ್ನು ಓದುಗರು ಗಮನಿಸಬೇಕು.

ಮೇಲಿನ ಎರಡು ಪ್ರಸಂಗಗಳಲ್ಲಿಯೂ ಬಲಿಷ್ಠನು ಬರೆದ, ದುರ್ಬಲನು ಓದಿದ. ಇದರ ವಿಪರೀತವೂ ಉಂಟು. ಅದಕ್ಕಾಗಿ ದಕ್ಷಿಣ ಆಫ್ರಿಕಕ್ಕೆ ಹೋಗಬೇಕು. ೧೮೯೯ರ ಅಕ್ಟೋಬರ್ ೯ರಂದು ಟ್ರಾನ್ಸ್‌ವಾಲ್ ಎಂಬ ಬೋಯರರ ಪುಟ್ಟ ಗಣರಾಜ್ಯವು ಬ್ರಿಟಿಷ್ ಸಾಮ್ರಾಜ್ಯಕ್ಕೇ ಒಂದು ಅಲ್ಟಿಮೇಟಮ್ ಕೊಟ್ಟಿತು. ಗಡಿಯಲ್ಲಿರುವ ಸೈನ್ಯವನ್ನು ಹಿಂದೆಗೆಯಬೇಕು, ಹಡಗುಗಳಲ್ಲಿ ಬರುತ್ತಿರುವ ಸೈನ್ಯ ಇಳಿಯಬಾರದು, ೪೮ ಗಂಟೆಗಳಲ್ಲಿ ಉತ್ತರ ಬೇಕು. ಲಂಡನ್ನಿನ ಪತ್ರಿಕೆಗಳು ಇದನ್ನು ಓದಿ ನಕ್ಕವು. ಅಕ್ಟೋಬರ್ ೧೧ರ ಸಂಜೆ ೫ ಗಂಟೆಗೆ ಅವಧಿ ಮುಗಿದು ಯುದ್ಧ ಆರಂಭವಾಯಿತು. ಅದು ೧೯೦೨ರವರೆಗೆ ನಡೆಯಿತು. ಆ ಕಾಲದಲ್ಲಿ ಟ್ರಾನ್ಸ್‌ವಾಲ್ ಸರ್ಕಾರದ ಸ್ಟೇಟ್ ಅಟಾರ್ನಿಯಾಗಿದ್ದವನು ಯಾನ್ ಸ್ಮಟ್ಸ್ ಎಂಬ ತರುಣ ವಕೀಲ.

ಒಂಬತ್ತು ವರ್ಷಗಳ ಮೇಲೆ ಅದೇ ಸ್ಮಟ್ಸ್ ಅದೇ ಟ್ರಾನ್ಸ್‌ವಾಲಿನಲ್ಲಿ ಮಂತ್ರಿಯಾಗಿದ್ದ. ಅಲ್ಲಿನ ಭಾರತೀಯರು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ೧೯೦೭ರ ಕಾನೂನನ್ನು ಗಾಂಧೀಜಿಯವರ ನೇತೃತ್ವದಲ್ಲಿ ಪ್ರತಿಭಟಿಸಲಾಗಿತ್ತು. ೧೯೦೮ರ ಜನವರಿಯಲ್ಲಿ ಸ್ಮಟ್ಸ್ ಮತ್ತು ಗಾಂಧೀಜಿಯವರ ನಡುವೆ ಒಂದು ಒಪ್ಪಂದವಾಯಿತು. ಭಾರತೀಯರು ತಾವಾಗಿಯೇ ನೋಂದಾಯಿಸಿಕೊಂಡರೆ ಸರ್ಕಾರ ಆ ಕಾನೂನನ್ನು ರದ್ದುಗೊಳಿಸುವುದೆಂದು ಗಾಂಧೀಜಿ ತಿಳಿದಿದ್ದರು. ಭಾರತೀಯರು ನೋಂದಾಯಿಸಿಕೊಂಡರು, ಕಾನೂನು ಹಾಗೆಯೇ ಉಳಿಯಿತು. ಆಗ ಅವರು ಸರ್ಕಾರಕ್ಕೆ ಬರೆದರು. ಒಪ್ಪಂದದಂತೆ ಕಾನೂನನ್ನು ರದ್ದುಗೊಳಿಸುವ ತೀರ್ಮಾನ ಗೊತ್ತಾದ ದಿನದೊಳಗೆ ತಿಳಿಯದಿದ್ದರೆ, ತಾವು ಪಡೆದ ನೋಂದಣಿ ಪತ್ರಗಳನ್ನು ಸುಟ್ಟುಹಾಕಿ ಅದರ ಪರಿಣಾಮವನ್ನು ವಿನಯದಿಂದಲೇ ಅನುಭವಿಸುವೆವು ಎಂಬುದು ಆ ಪತ್ರದ ಸಾರಾಂಶ.

‘ದಕ್ಷಿಣ ಆಫ್ರಿಕದಲ್ಲಿ ಸತ್ಯಾಗ್ರಹ’ ಎಂಬ ತಮ್ಮ ಗ್ರಂಥದಲ್ಲಿ ಗಾಂಧೀಜಿ ಈ ಪತ್ರದ ಬಗೆಗೆ ಬರೆದಿರುವ ಮಾತು ಪದಾರ್ಥಚಿಂತನೆ ಮಾಡುವವರೆಲ್ಲ ಓದಬೇಕಾದದ್ದು. ಅದಕ್ಕೆ ಅಲ್ಟಿಮೇಟಮ್ ಎಂಬ ಹೆಸರನ್ನು ಕೊಟ್ಟವರು ಭಾರತೀಯರಲ್ಲ, ಸ್ಮಟ್ಸ್ ಎಂದು ಅವರು ತಿಳಿಸುತ್ತಾರೆ. ಹಾಗೆ ಕರೆಯಲು ಅವರು ಕಾಣುವ ಕಾರಣಗಳು ಎರಡು. ಪತ್ರದಲ್ಲಿ ಒಂದು ಕಾಲಮಿತಿ ಇತ್ತೆಂಬುದು ಒಂದು. ಐರೋಪ್ಯರು ಭಾರತೀಯರನ್ನು ತಮಗೆ ಸಮಾನರೆಂದು ಎಣಿಸಿರಲಿಲ್ಲವೆಂಬುದು ಇನ್ನೊಂದು. ಸಮಾನರೆಂದು ಎಣಿಸಿದ್ದರೆ ಅದೇ ಪತ್ರ ಅವರಿಗೆ ಸಭ್ಯವಾದ ಪತ್ರವಾಗಿಯೇ ಕಾಣುತ್ತಿತ್ತು ಎಂಬುದು ಗಾಂಧೀಜಿಯವರ ಅಭಿಪ್ರಾಯ.

ಸರಿಯಾಗಿ ಯೋಚಿಸಿದರೆ ಇದು ದೊಡ್ಡ ಮಾತು. ಸರಕು ಕೊಂಡ ವರ್ತಕನಿಗೆ ಇನ್ನೊಬ್ಬ ವರ್ತಕ, ಇಂಥ ತಾರೀಖಿನೊಳಗೆ ಹಣ ಬಾರದಿದ್ದರೆ ಮುಂದಿನ ಸರಕು ಕಳುಹಿಸಲಾರೆ ಎಂದು ಬರೆದರೆ ಅದನ್ನು ಯಾರೂ ಉದ್ಧಟತನ ಎನ್ನುವುದಿಲ್ಲ. ಅದೇ ಒಕ್ಕಣೆಯನ್ನು ಕೂಲಿಗಾರ ಬರೆದರೆ ಉದ್ಧಟತನವಾಗುತ್ತದೆ. ಪದಗಳು ಬದಲಾಗಿಲ್ಲ, ಬರೆದವನ ಅಂತಸ್ತು ಬದಲಾಗಿದೆ. ಒಂದು ಸಣ್ಣ ರಾಷ್ಟ್ರದ ಹಕ್ಕಿಗಾಗಿ ಸಾಮ್ರಾಜ್ಯಕ್ಕೆ ೪೮ ಗಂಟೆಗಳ ಗಡುವು ಕೊಟ್ಟ ಸರ್ಕಾರದಲ್ಲಿದ್ದವನಿಗೇ, ತನ್ನ ಕೈಕೆಳಗಿನವರು ದಿನ ಗೊತ್ತುಮಾಡಿ ಬರೆದಾಗ ಅದು ಸಹಿಸಲಾಗದ ಧಾರ್ಷ್ಟ್ಯವಾಗಿ ತೋರಿತು.

೧೯೦೮ರ ಆಗಸ್ಟ್ ೧೬ರಂದು ಜೋಹಾನ್ಸ್‌ಬರ್ಗಿನ ಹಮೀದಿಯಾ ಮಸೀದಿಯ ಬಯಲಿನಲ್ಲಿ ಭಾರತೀಯರ ಸಭೆ ಸೇರಿತು. ಸರ್ಕಾರದ ಉತ್ತರ ತಂತಿಯ ಮೂಲಕ ಬಂತು. ನಿಲುವನ್ನು ಬದಲಿಸಲಾಗದು ಎಂಬುದೇ ಅದರ ಸಾರ. ದೊಡ್ಡ ಕಬ್ಬಿಣದ ಕಡಾಯಿಯೊಂದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ನೋಂದಣಿ ಪತ್ರಗಳನ್ನು ಹಾಕಿ ಸೀಮೆಎಣ್ಣೆ ಸುರಿದು ಬೆಂಕಿಯಿಡಲಾಯಿತು. ನನ್ನ ಮೂರನೆಯ ಪ್ರಶ್ನೆಯನ್ನು ಇಲ್ಲಿ ಮತ್ತೊಮ್ಮೆ ಕೇಳಬೇಕು. ಕೊಡದಿದ್ದರೆ ಏನಾಗುತ್ತದೆ? ಈ ಪತ್ರದ ಪ್ರಕಾರ, ಬರೆದವರೇ ಸೆರೆಮನೆಗೆ ಹೋಗುತ್ತಾರೆ. ಕೇಡು ಓದುವವನ ಮೇಲೆ ಬೀಳದೆ ಬರೆದವನ ಮೇಲೆ ಬೀಳುವಂಥ ಅಲ್ಟಿಮೇಟಮ್ ಲೋಕದ ರಾಜತಂತ್ರದಲ್ಲಿ ಅಪರೂಪ.

ಈ ಪ್ರಸಂಗಕ್ಕೆ ತೀರ ವಿರುದ್ಧವಾದದ್ದು ಆರು ವರ್ಷಗಳ ಮೇಲೆ ಯೂರೋಪಿನಲ್ಲಿ ನಡೆಯಿತು. ೧೯೧೪ರ ಜೂನ್ ೨೮ರಂದು ಸರಾಯೆವೊ ನಗರದಲ್ಲಿ ಆಸ್ಟ್ರಿಯಾ-ಹಂಗೆರಿಯ ಯುವರಾಜ ಫ್ರಾನ್ಜ್ ಫರ್ಡಿನಾಂಡ್ ಮತ್ತು ಅವನ ಪತ್ನಿಯ ಕೊಲೆಯಾಯಿತು. ಕೊಂದವನು ಗಾವ್ರಿಲೊ ಪ್ರಿನ್ಸಿಪ್ ಎಂಬ ೧೯ ವರ್ಷದ ಹುಡುಗ. ಈ ಸಂಚಿನ ಹಿಂದೆ ಸರ್ಬಿಯಾದ ಕೆಲವು ಅಧಿಕಾರಿಗಳ ಕೈವಾಡವಿದ್ದುದು ನಿಜ. ಆಸ್ಟ್ರಿಯಾದ ಸಿಟ್ಟು ನಿರಾಧಾರವಾದುದೇನೂ ಅಲ್ಲ. ಜುಲೈ ೭ರಂದು ವಿಯೆನ್ನಾದಲ್ಲಿ ಸೇರಿದ ಮಂತ್ರಿಗಳಲ್ಲಿ ಹಂಗೆರಿಯ ಪ್ರಧಾನಿ ಟಿಸಾ ಒಬ್ಬನನ್ನು ಬಿಟ್ಟು ಉಳಿದವರೆಲ್ಲರೂ, ಸರ್ಬಿಯಾ ಖಂಡಿತವಾಗಿ ನಿರಾಕರಿಸುವಂಥ ಬೇಡಿಕೆಗಳನ್ನೇ ಇಡಬೇಕೆಂಬ ಅಭಿಪ್ರಾಯಕ್ಕೆ ಬಂದರು. ಬೇಡಿಕೆಯ ಪತ್ರವನ್ನು ನಿರಾಕರಣೆಗೆಂದೇ ಬರೆದದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ಸಿಗುವುದು ಕಷ್ಟ.

ಜುಲೈ ೨೩ರ ಸಂಜೆ ೬ ಗಂಟೆಗೆ ಆಸ್ಟ್ರಿಯಾದ ರಾಯಭಾರಿ ಗೀಸ್ಲ್ ಆ ಪತ್ರವನ್ನು ಬೆಲ್‌ಗ್ರೇಡಿನಲ್ಲಿ ಕೊಟ್ಟ. ಪ್ರಧಾನಿ ಪಾಶಿಚ್ ಊರಿನಲ್ಲಿರಲಿಲ್ಲ, ಚುನಾವಣಾ ಪ್ರಚಾರಕ್ಕೆ ಹೋಗಿದ್ದ. ಫ್ರಾನ್ಸಿನ ಅಧ್ಯಕ್ಷನು ರಷ್ಯಾದ ಭೇಟಿ ಮುಗಿಸಿ ಹಡಗು ಹತ್ತುವವರೆಗೆ ಕಾದು ಈ ವೇಳೆಯನ್ನು ಗೊತ್ತುಮಾಡಲಾಗಿತ್ತು. ಬೇಡಿಕೆಗಳು ಹತ್ತು, ಅವಧಿ ೪೮ ಗಂಟೆ. ಆಸ್ಟ್ರಿಯಾದ ವಿರುದ್ಧ ಬರೆಯುವ ಪತ್ರಿಕೆಗಳನ್ನು ಅಡಗಿಸಬೇಕು, ಸಂಘಗಳನ್ನು ಮುಚ್ಚಬೇಕು, ಆಸ್ಟ್ರಿಯಾ ಸೂಚಿಸುವ ಅಧಿಕಾರಿಗಳನ್ನು ತೆಗೆಯಬೇಕು. ಮೂರನೆಯ ಬೇಡಿಕೆಯನ್ನು ಓದಿದಾಗಲೆಲ್ಲ ಉಪಾಧ್ಯಾಯನಾದ ನನ್ನ ಕಣ್ಣು ಅಲ್ಲಿ ನಿಲ್ಲುತ್ತದೆ. ಶಾಲೆಗಳಲ್ಲಿ ಆಸ್ಟ್ರಿಯಾದ ವಿರುದ್ಧ ಭಾವನೆ ಬೆಳೆಸುವ ಪಾಠಗಳನ್ನೂ ಪಾಠ ಹೇಳುವವರನ್ನೂ ತೆಗೆದುಹಾಕಬೇಕೆಂಬುದು ಅದು. ಸಾಮ್ರಾಜ್ಯವೊಂದು ನೆರೆಯ ದೇಶದ ಶಾಲಾಕೊಠಡಿಯವರೆಗೆ ಕೈಚಾಚಿತ್ತು. ಆರನೆಯ ಬೇಡಿಕೆಯಂತೂ ಸರ್ಬಿಯಾದ ನೆಲದ ಮೇಲೆ ನಡೆಯುವ ನ್ಯಾಯವಿಚಾರಣೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಭಾಗವಹಿಸಬೇಕೆಂದಿತು. ಒಂದು ಸ್ವತಂತ್ರ ರಾಷ್ಟ್ರಕ್ಕೆ ಇನ್ನೊಂದು ಇಷ್ಟು ಭಯಂಕರವಾದ ಪತ್ರ ಬರೆದುದನ್ನು ತಾನು ಹಿಂದೆ ಕಂಡಿಲ್ಲವೆಂಬ ಅರ್ಥದ ಮಾತನ್ನು ಬ್ರಿಟನ್ನಿನ ವಿದೇಶಾಂಗ ಸಚಿವ ಎಡ್ವರ್ಡ್ ಗ್ರೇ ಆಡಿದ.

ಇಲ್ಲಿಯೇ ಪದದ ವಿಚಿತ್ರ ಪ್ರಸಂಗವೊಂದಿದೆ. ಮೂರು ಅಂಗಗಳೂ ತುಂಬಿದ್ದ ಈ ಪತ್ರವನ್ನು ಆಸ್ಟ್ರಿಯಾ ಅಲ್ಟಿಮೇಟಮ್ ಎಂದು ಕರೆಯಲಿಲ್ಲ. ಇದು ಕಾಲಮಿತಿಯುಳ್ಳ ಒಂದು ರಾಜತಾಂತ್ರಿಕ ಕ್ರಮ ಮಾತ್ರ, ಅಲ್ಟಿಮೇಟಮ್ ಅಲ್ಲ ಎಂದು ಅದರ ವಿದೇಶಾಂಗ ಮಂತ್ರಿ ಬೆರ್ಖ್‌ಟೋಲ್ಡ್ ಬ್ರಿಟನ್ನಿಗೆ ತಿಳಿಸಿದ. ಅವಧಿ ಮುಗಿದರೆ ರಾಯಭಾರ ಸಂಬಂಧ ಕಡಿಯುವುದು, ಸೈನಿಕ ಸಿದ್ಧತೆ ನಡೆಯುವುದು, ಅಷ್ಟೇ ಎಂಬ ಸಮಾಧಾನ. ಪದಕ್ಕೆ ಇಷ್ಟೊಂದು ಅಂಜಿಕೆ ಏಕೆಂದರೆ, ೧೯೦೭ರ ಹೇಗ್ ಒಡಂಬಡಿಕೆಯಲ್ಲಿ ಅಲ್ಟಿಮೇಟಮ್ಮಿಗೆ ಕಾನೂನಿನ ಸ್ಥಾನ ದೊರೆತಿತ್ತು. ಯುದ್ಧ ಹೂಡುವ ಮುನ್ನ ಕಾರಣಸಹಿತವಾದ ಘೋಷಣೆಯನ್ನಾಗಲಿ, ಷರತ್ತಿನ ಯುದ್ಧಘೋಷಣೆಯುಳ್ಳ ಅಲ್ಟಿಮೇಟಮ್ಮನ್ನಾಗಲಿ ಕೊಡಬೇಕೆಂಬ ನಿಯಮವದು. ಅಂದಮೇಲೆ ಆ ಪದವನ್ನು ಬಳಸುವುದೆಂದರೆ ಯುದ್ಧದ ಹೊಣೆಯನ್ನು ಹೊತ್ತಂತೆ.

ಜುಲೈ ೨೫ರಂದು, ಅವಧಿಗೆ ಕೆಲವೇ ನಿಮಿಷಗಳು ಉಳಿದಿದ್ದಾಗ, ಪಾಶಿಚ್ ತಾನೇ ಹೋಗಿ ಉತ್ತರವನ್ನು ಕೊಟ್ಟ. ಹೆಚ್ಚಿನ ಬೇಡಿಕೆಗಳಿಗೆ ಪೂರ್ಣವಾಗಿಯೋ ಜಾಣ್ಮೆಯ ಷರತ್ತುಗಳೊಡನೆಯೋ ಒಪ್ಪಿಗೆಯಿತ್ತು; ಆರನೆಯದನ್ನು ಮಾತ್ರ ಸಂವಿಧಾನಕ್ಕೆ ವಿರುದ್ಧವೆಂದು ನಿರಾಕರಿಸಲಾಗಿತ್ತು. ಗೀಸ್ಲ್ ಅದರ ಮೇಲೆ ಕಣ್ಣಾಡಿಸಿ, ೬-೩೦ರ ರೈಲಿನಲ್ಲಿ ಸಿಬ್ಬಂದಿಯೊಡನೆ ಹೊರಟುಹೋದ. ಜರ್ಮನಿಯ ಕೈಸರ್ ವಿಲ್‌ಹೆಲ್ಮ್ ಜುಲೈ ೨೮ರ ಬೆಳಿಗ್ಗೆ ಆ ಉತ್ತರವನ್ನು ಓದಿ, ಇನ್ನು ಯುದ್ಧಕ್ಕೆ ಕಾರಣವೇ ಉಳಿಯಲಿಲ್ಲವೆಂದು ಅಭಿಪ್ರಾಯಪಟ್ಟ. ಅದೇ ದಿನ ಆಸ್ಟ್ರಿಯಾ ತಂತಿಯ ಮೂಲಕ ಯುದ್ಧ ಸಾರಿತು. ಮುಂದೆ ಅಲ್ಟಿಮೇಟಮ್ಮುಗಳ ಸುರಿಮಳೆ: ಜರ್ಮನಿಯಿಂದ ರಷ್ಯಾಕ್ಕೆ, ಬೆಲ್ಜಿಯಮ್ಮಿಗೆ, ಆಗಸ್ಟ್ ೪ರಂದು ಬ್ರಿಟನ್ನಿನಿಂದ ಜರ್ಮನಿಗೆ. ಬ್ರಿಟನ್ ಯುದ್ಧಕ್ಕಿಳಿದಾಗ ಯಾರನ್ನೂ ಕೇಳದೆ ಭಾರತವನ್ನೂ ಇಳಿಸಲಾಯಿತು. ೧೯೧೮ರ ಸೆಪ್ಟೆಂಬರ್ ೨೩ರಂದು ಪ್ಯಾಲೆಸ್ಟೈನಿನ ಹೈಫಾ ನಗರದಲ್ಲಿ ಜೋಧಪುರದವರ ಜೊತೆಗೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯವರು ಕಾದಾಡಿದರು. ಬೆಲ್‌ಗ್ರೇಡಿನ ಹೆಸರನ್ನೇ ಕೇಳಿರದ ಮೈಸೂರು ಸೀಮೆಯ ಮನೆಗಳಿಗೂ ಆ ೪೮ ಗಂಟೆಗಳ ನೆರಳು ಚಾಚಿತು.

ಕಡೆಯ ನಿದರ್ಶನ ನಮ್ಮ ಪಠ್ಯಪುಸ್ತಕಗಳಲ್ಲಿರುವುದೇ. ೧೯೩೦ರ ಮಾರ್ಚ್ ೨ರಂದು ಗಾಂಧೀಜಿ ವೈಸರಾಯ್ ಇರ್ವಿನ್‌ಗೆ ಪತ್ರ ಬರೆದು ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಆಂಗ್ಲ ತರುಣನ ಕೈಯಲ್ಲಿ ಕಳುಹಿಸಿದರು. ಬೇಡಿಕೆಗಳಿದ್ದವು, ಮಾರ್ಚ್ ೧೧ ಎಂಬ ದಿನವಿತ್ತು, ಕೇಳಿದ್ದು ನಡೆಯದಿದ್ದರೆ ಉಪ್ಪಿನ ಕಾನೂನನ್ನು ಮುರಿಯುವುದಾಗಿ ಹೇಳಿತ್ತು. ಮೂರು ಅಂಗಗಳೂ ಇವೆ. ಆದರೆ ಇದು ಬೆದರಿಕೆಯಲ್ಲವೆಂದು ಅವರು ಅಲ್ಲಿಯೇ ಬರೆದರು, ವೈಸರಾಯಿಯನ್ನು ಮಿತ್ರ ಎಂದು ಸಂಬೋಧಿಸಿದರು. ವೆಲ್ಲೆಸ್ಲಿಯ ಪತ್ರದಲ್ಲಿಯೂ ಸ್ನೇಹದ ಭಾಷೆಯಿತ್ತಲ್ಲ, ಬೆರ್ಖ್‌ಟೋಲ್ಡನೂ ಇದು ಅಲ್ಟಿಮೇಟಮ್ ಅಲ್ಲವೆಂದನಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಕೇಳಲೇಬೇಕು. ಉತ್ತರ ಮೂರನೆಯ ಪ್ರಶ್ನೆಯಲ್ಲಿದೆ. ವೆಲ್ಲೆಸ್ಲಿಯ ಹಿಂದೆ ಹ್ಯಾರಿಸನ ಸೈನ್ಯವಿತ್ತು; ಬೆರ್ಖ್‌ಟೋಲ್ಡನ ಹಿಂದೆ ಸಾಮ್ರಾಜ್ಯದ ಫಿರಂಗಿಗಳಿದ್ದವು. ಮಾರ್ಚ್ ೧೨ರಂದು ಸಾಬರಮತಿಯಿಂದ ಹೊರಟವರ ಕೈಯಲ್ಲಿ ಊರುಗೋಲಿತ್ತು, ಎದುರಿಗೆ ಸೆರೆಮನೆಯಿತ್ತು. ಇರ್ವಿನ್ ಸ್ವತಃ ಉತ್ತರಿಸಲಿಲ್ಲ; ಕಾನೂನುಭಂಗಕ್ಕೆ ಹೊರಟಿರುವುದಕ್ಕೆ ವಿಷಾದವೆಂದು ಕಾರ್ಯದರ್ಶಿಯ ಮೂಲಕ ನಾಲ್ಕು ಸಾಲು ಬಂತು.

ಆದುದರಿಂದ ಅಲ್ಟಿಮೇಟಮ್ ಎಂಬ ಪದ ಪತ್ರಿಕೆಯಲ್ಲಿ ಕಂಡಾಗ ನಿಘಂಟಿನ ಅರ್ಥದಲ್ಲಿಯೇ ನಿಲ್ಲಬಾರದೆಂಬುದು ನನ್ನ ವಿನಂತಿ. ಒಪ್ಪಿಕೊಳ್ಳಲು ಎದುರಿನವನಿಗೆ ದಾರಿ ಬಿಟ್ಟಿದ್ದಾರೆಯೇ, ಒಪ್ಪದಿದ್ದರೆ ಕೇಡು ಯಾರ ತಲೆಗೆ, ಆ ಹೆಸರನ್ನು ಇಟ್ಟವರು ಯಾರು ಎಂದು ನೋಡಬೇಕು. ಸಂಬಳ ಬಾರದ ಪೌರಕಾರ್ಮಿಕರು ಇಂಥ ದಿನದೊಳಗೆ ಕೊಡಿ ಎಂದು ಬರೆದುದು ಸರ್ಕಾರಕ್ಕೆ ಅಲ್ಟಿಮೇಟಮ್ ಎನಿಸಿ, ಹದಿನೈದು ದಿನಗಳಲ್ಲಿ ಗುಡಿಸಲು ತೆರವು ಮಾಡಿ ಎಂದು ಅಧಿಕಾರಿ ಅಂಟಿಸಿದ ಕಾಗದ ಬರಿಯ ‘ನೋಟೀಸು’ ಎನಿಸುವುದಾದರೆ, ೧೯೦೮ರ ಜೋಹಾನ್ಸ್‌ಬರ್ಗಿಗೂ ನಮಗೂ ಹೆಚ್ಚು ದೂರವಿಲ್ಲವೆಂದೇ ಹೇಳಬೇಕು.

ಈ ಪದಕ್ಕೆ ಒಂದೇ ಮಾತಿನ ಕನ್ನಡ ಸಮಾನಪದ ನನಗೆ ತೃಪ್ತಿಯಾಗುವಂತೆ ಇನ್ನೂ ದೊರೆತಿಲ್ಲ. ‘ಕಡೆಮಾತು’ ಎನ್ನಬಹುದೇ ಎಂಬ ಯೋಚನೆ ಇದೆ. ಓದುಗ ಮಿತ್ರರು ತಮ್ಮ ಕಡೆಯ ಆಡುಮಾತಿನಲ್ಲಿ ಇದಕ್ಕೆ ಏನೆನ್ನುತ್ತಾರೆಂದು ಬರೆದು ತಿಳಿಸಿದರೆ ಸಂತೋಷವಾಗುತ್ತದೆ.